ನೆಲ್ಲೂರಿನ ವೈ.ವಿ. ರಾವ್ ಕೈಗೆ ಕನ್ನಡದ ಮೊದಲ ಟಾಕಿ ಬಂದದ್ದು ಹೇಗೆ?

ಕನ್ನಡದ ಮೊದಲ ಟಾಕಿ, ಎಂದರೆ ಮಾತಿನ ಚಿತ್ರ, ‘ಸತಿ ಸುಲೋಚನಾ’. ಅದರ ಹೆಸರೆತ್ತಿದರೆ ಇಂದ್ರಜಿತುವಾಗಿದ್ದ ಎಂ.ವಿ. ಸುಬ್ಬಯ್ಯ ನಾಯ್ಡು ನೆನಪಾಗುತ್ತಾರೆ, ರಾವಣನಾಗಿದ್ದ ಆರ್. ನಾಗೇಂದ್ರರಾವ್ ನೆನಪಾಗುತ್ತಾರೆ. ಲಕ್ಷ್ಮಣನ ಪಾತ್ರ ಹಾಕಿ, ಚಿತ್ರವನ್ನೂ ನಿರ್ದೇಶಿಸಿದ ವೈ.ವಿ. ರಾವ್ ಮಾತ್ರ ರಸಪ್ರಶ್ನೆಯ ಉತ್ತರವಾಗಿ ಉಳಿದಿದ್ದಾರೆ. 1903ರಲ್ಲಿ ನೆಲ್ಲೂರಿನಲ್ಲಿ ಹುಟ್ಟಿದ ತೆಲುಗರು ಅವರು.

ನಾಯ್ಡು, ನಾಗೇಂದ್ರರಾವ್ ಇಬ್ಬರೂ ಕಂಪನಿ ನಾಟಕದಲ್ಲಿ ಪಳಗಿದವರು. ಸಂಭಾಷಣೆ, ಹಾಡುಗಳಿಗೆ ಬೆಳ್ಳಾವೆ ನರಹರಿ ಶಾಸ್ತ್ರಿಗಳಿದ್ದರು. ಇನ್ನು ಬೇಕಿದ್ದುದು ಕ್ಯಾಮೆರಾ ಬಲ್ಲವರು. ರಾವ್ ‘ಗರುಡ ಗರ್ವಭಂಗಂ’ (1929) ಕಾಲದಿಂದ ಮೂಕಿ ಚಿತ್ರಗಳ ನಟ, ಹಾಗಾಗಿ ಕ್ಯಾಮೆರಾ ಕಂಡವರು. ಆಗ ಕ್ಯಾಮೆರಾದ ಹಿಡಿಯನ್ನು ಸೆಕೆಂಡಿಗೆ ಎರಡು ಸುತ್ತು ತಿರುಗಿಸಬೇಕು. ಒಂದು ಸುತ್ತಿಗೆ ಎಂಟು ಫ್ರೇಮಿನಂತೆ (ಫ್ರೇಮು ಎಂದರೆ ಫಿಲ್ಮಿನ ಒಂದು ಬಿಡಿ ಚಿತ್ರ) ಹದಿನಾರು ಫ್ರೇಮು. ಕೈ ಸ್ವಲ್ಪ ನಿಧಾನವಾದರೂ ತೆರೆಯ ಮೇಲೆ ನಡೆಯುವ ನಟ ಓಡುವಂತೆ ಕಾಣುತ್ತಿದ್ದ.

ಟಾಕಿಗೆ ಈ ಏರುಪೇರು ನಡೆಯುವುದಿಲ್ಲ. ಮೋಟಾರಿನಲ್ಲಿ ಸೆಕೆಂಡಿಗೆ 24 ಫ್ರೇಮು ಕರಾರುವಾಕ್ಕಾಗಿ ಓಡದಿದ್ದರೆ ಶ್ರುತಿಯೇ ಕೆಡುತ್ತದೆ. ಚಮನ್‌ಲಾಲ್ ಡುಂಗಾಜಿ ಹಣ ಹಾಕಿದ ಚಿತ್ರಕ್ಕೆ ಬೆಂಗಳೂರಿನಲ್ಲಿ ಇಂಥ ಸ್ಟುಡಿಯೋ ಇರಲಿಲ್ಲ. ತಂಡ ಕೊಲ್ಹಾಪುರದ ಛತ್ರಪತಿ ಸಿನಿಟೋನಿಗೆ ಹೋಯಿತು. ಖರ್ಚು ಸುಮಾರು 40,000 ರೂಪಾಯಿ.

ಹಿನ್ನೆಲೆ ಗಾಯನವಿಲ್ಲದ ಕಾಲ. ನಟರೇ ಹಾಡಬೇಕು, ಹಾರ್ಮೋನಿಯಂ, ತಬಲಾದವರು ಚೌಕಟ್ಟಿನಾಚೆ ಕೂತು ನುಡಿಸಬೇಕು. ಕೊನೆಯ ಚರಣದಲ್ಲಿ ಒಬ್ಬರು ತಪ್ಪಿದರೂ ಆ ಶಾಟ್ ಮೊದಲಿನಿಂದ. ಹಿಂದಿನ ಬೆಂಚಿಗೂ ಕೇಳಲೆಂದು ಕೂಗಿ ರೂಢಿಯಾದ ಕಂಠ ಮೈಕಿನ ಹತ್ತಿರ ಬಂದರೆ ಒಡೆದು ಕೇಳುತ್ತದೆ. ಅಭಿನಯದ ಭರದಲ್ಲಿ ಮುಖ ತಿರುಗಿಸಿದರೆ ಮಾತೇ ಇಂಗಿಹೋಗುತ್ತದೆ. ರಂಗದ ನಟರ ಕೈಕಾಲು ಕಟ್ಟದೆ, ಮೈಕಿನ ಎಲ್ಲೆಯೊಳಗೇ ಅವರನ್ನು ಆಡಿಸುವುದು ನಿರ್ದೇಶಕರ ಪಾಲಿನ ಕೆಲಸ.

1934ರ ಮಾರ್ಚ್ 3ರಂದು ಬೆಂಗಳೂರಿನ ಸಿಟಿ ಮಾರ್ಕೆಟ್ ಬಳಿಯ ಪ್ಯಾರಾಮೌಂಟ್ ಟಾಕೀಸಿನಲ್ಲಿ ಚಿತ್ರ ತೆರೆಕಂಡಿತು. ಅವಧಿ 173 ನಿಮಿಷ. ನಿಮಿಷಕ್ಕೆ 90 ಅಡಿಯಂತೆ ಲೆಕ್ಕ ಹಾಕಿದರೆ ಹದಿನೈದೂವರೆ ಸಾವಿರ ಅಡಿ ಫಿಲ್ಮು.

ಆಮೇಲೆ ರಾವ್ ಕನ್ನಡದಲ್ಲಿ ಹೆಚ್ಚು ನಿಲ್ಲಲಿಲ್ಲ. ಅವರು ನಿರ್ದೇಶಿಸಿದ ತಮಿಳಿನ ‘ಚಿಂತಾಮಣಿ’ (1937) ಒಂದೇ ಟಾಕೀಸಿನಲ್ಲಿ ವರ್ಷ ದಾಟಿ ಓಡಿತು. ಅದರ ನಾಯಕಿ ಕೆ. ಅಶ್ವತ್ಥಮ್ಮ, ಕನ್ನಡದ ‘ಸದಾರಮೆ’ಯಲ್ಲಿ ಆಗಲೇ ನಟಿಸಿದ್ದವರು. ತೆಲುಗಿನ ‘ಮಳ್ಳಿ ಪೆಳ್ಳಿ’ಯಲ್ಲಿ (1939) ವಿಧವಾ ವಿವಾಹವನ್ನೇ ಕಥೆ ಮಾಡಿಕೊಂಡು, ತಾವೇ ನಾಯಕರಾದರು. ನನ್ನ ಲೆಕ್ಕದಲ್ಲಿ ಅವರ ಎದೆಗಾರಿಕೆ ಕಾಣುವುದು ಇಲ್ಲಿ. ‘ಸಾವಿತ್ರಿ’ಗೆ (1941) ಮರಾಠಿಯ ಶಾಂತಾ ಆಪ್ಟೆ ತಮಿಳು ಕಲಿತು ಬಂದರು, ನಾರದನ ಪಾತ್ರ ಎಂ.ಎಸ್. ಸುಬ್ಬುಲಕ್ಷ್ಮಿಯವರದು.

ರಾವ್ 1973ರಲ್ಲಿ ತೀರಿಕೊಂಡರು. ‘ಸತಿ ಸುಲೋಚನಾ’ದ ಪ್ರತಿ ಇಂದು ಎಲ್ಲೂ ಸಿಗುವುದಿಲ್ಲ. ಅಂದಿನ ಫಿಲ್ಮು ನೈಟ್ರೇಟ್ ಎಂಬ, ಬೇಗ ಕೆಡುವ ವಸ್ತುವಿನದು. ಸೆಕೆಗೆ ಮೊದಲು ಚಿತ್ರ ಮಾಸುತ್ತದೆ, ಆಮೇಲೆ ಸುರುಳಿ ಅಂಟಂಟಾಗಿ ನೊರೆ ಕಾರುತ್ತದೆ, ಕೊನೆಗೆ ಕಂದು ಪುಡಿ. ಅದು ಬಿಡುವ ಆಮ್ಲದ ಹಬೆ ಪಕ್ಕದ ಡಬ್ಬಿಯ ಸುರುಳಿಯನ್ನೂ ತಿನ್ನುತ್ತದೆ. ಹಾಳಾಗದೆ ಉಳಿದ ಹಳೆಯ ಫಿಲ್ಮುಗಳನ್ನೂ ಎಷ್ಟೋ ಕಡೆ ಅವುಗಳ ಲೇಪದಲ್ಲಿನ ಬೆಳ್ಳಿ ತೆಗೆಯಲೆಂದು ತೂಕಕ್ಕೆ ಮಾರಿದ್ದುಂಟು.