‘ನೋಡೋಣ’ ಎನ್ನುವವರು ಏನನ್ನು ನೋಡುತ್ತಾರೆ?

ಮನೆಗೆ ಕರೆಂಟ್ ಕೊಡುವ ಸೋಲಾರ್ ಪ್ಯಾನಲ್ ಹಾಕಿಸುವ ಮಾತು ತೆಗೆದು ನೋಡಿ. ‘ಅಯ್ಯೋ, ಬೇಡಪ್ಪ’ ಅನ್ನುವವರು ಕಡಿಮೆ. ‘ಒಳ್ಳೆಯದೇ, ನೋಡೋಣ’ ಅನ್ನುವವರೇ ಜಾಸ್ತಿ. ಆ ‘ನೋಡೋಣ’ ವರ್ಷಗಟ್ಟಲೆ ಹಾಗೇ ಉಳಿದುಬಿಡುತ್ತದೆ. ಇದು ಸುಮ್ನೆ ನುಣುಚಿಕೊಳ್ಳುವ ಮಾತು ಅಂತ ನಾನೂ ಅಂದುಕೊಂಡಿದ್ದೆ. ಆದರೆ ಅವರು ನಿಜಕ್ಕೂ ನೋಡುತ್ತಲೇ ಇರುತ್ತಾರೆ, ಪಕ್ಕದ ಮನೆಯ ತಾರಸಿಯನ್ನು.

ಬ್ರಯಾನ್ ಬೊಲಿಂಜರ್ ಮತ್ತು ಕೆನೆತ್ ಗಿಲ್ಲಿಂಗ್‌ಹ್ಯಾಮ್ ಎಂಬ ಸಂಶೋಧಕರು ಕ್ಯಾಲಿಫೋರ್ನಿಯಾದ ಮನೆಗಳ ಲೆಕ್ಕ ತೆಗೆದು 2012ರಲ್ಲಿ ಪ್ರಕಟಿಸಿದರು. ಒಂದು ಪಿನ್‌ಕೋಡ್ ಪ್ರದೇಶದಲ್ಲಿ ಹೊಸದಾಗಿ ಒಂದು ಮನೆಗೆ ಸೋಲಾರ್ ಬಂದರೆ, ಅದೇ ಪ್ರದೇಶದಲ್ಲಿ ಇನ್ನೊಬ್ಬರು ಹಾಕಿಸುವ ಸಾಧ್ಯತೆ 0.78 ಪರ್ಸೆಂಟೇಜ್ ಪಾಯಿಂಟ್ ಏರುತ್ತದಂತೆ. ತೀರಾ ಚಿಕ್ಕ ಅಂಕಿ ಅನ್ನಿಸುತ್ತದೆ, ಅಲ್ವಾ? ಆದರೆ ಹೊಸದಾಗಿ ಹಾಕಿಸಿದ ಪ್ರತಿ ಮನೆಯೂ ಇಷ್ಟಿಷ್ಟು ಸೇರಿಸುತ್ತಾ ಹೋಗುತ್ತದೆ.

ಮಾರಲು ಬಂದವರು ಎಷ್ಟೇ ಚೆನ್ನಾಗಿ ವಿವರಿಸಲಿ, ಕೇಳುವವರಿಗೆ ಒಳಗೊಳಗೇ ಸಂಶಯ. ಪಕ್ಕದ ಮನೆಯವರಿಗೆ ಮಾರುವ ಹಂಗಿಲ್ಲ. ಬಿಲ್ ತೋರಿಸುತ್ತಾರೆ. ಇವತ್ತು ಎಷ್ಟು ಯೂನಿಟ್ ಬಂತು ಅಂತ ಮೊಬೈಲ್ ತೆಗೆದು ತೋರಿಸುತ್ತಾರೆ. ಬೈಯುವುದಿದ್ದರೆ ಬೈಯುತ್ತಾರೆ.

ಅವರನ್ನು ಜನ ಕೇಳುವ ಮೊದಲ ಪ್ರಶ್ನೆ, ‘ಬೇಗ ಕೆಟ್ಟುಹೋಗುತ್ತಂತೆ, ಹೌದಾ?’ ಪ್ಯಾನಲ್‌ನಲ್ಲಿ ತಿರುಗುವ, ಸವೆಯುವ ಭಾಗವೇ ಇಲ್ಲ. ಅದರ ಶಕ್ತಿ ವರ್ಷಕ್ಕೆ ಸುಮಾರು ಅರ್ಧ ಪರ್ಸೆಂಟ್ ಕುಗ್ಗುತ್ತದೆ, ಅಷ್ಟೇ. ಸಾಮಾನ್ಯವಾಗಿ ಮೊದಲು ಕೈಕೊಡುವುದು ಇನ್ವರ್ಟರ್, ಅಂದರೆ ಪ್ಯಾನಲ್‌ನ ಕರೆಂಟನ್ನು ಮನೆಯಲ್ಲಿ ಬಳಸುವಂತೆ ಬದಲಿಸುವ ಪೆಟ್ಟಿಗೆ.

ಇನ್ನೊಂದು ನಂಬಿಕೆ ಇದಕ್ಕಿಂತ ಗಟ್ಟಿ. ಬಿಸಿಲು ಸುಡುವಂತಿದ್ದರೆ ಕರೆಂಟ್ ಜಾಸ್ತಿ ಬರುತ್ತದೆ ಅನ್ನುವುದು. ಪ್ಯಾನಲ್‌ಗೆ ಬೇಕಾದದ್ದು ಬೆಳಕು, ಕಾವಲ್ಲ. ಪ್ಯಾನಲ್‌ನೊಳಗೆ ಕರೆಂಟ್ ಹುಟ್ಟಿಸುವ ಸಿಲಿಕಾನ್ ಕೋಶದ ಬಿಸಿ 25 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಒಂದೊಂದು ಡಿಗ್ರಿಗೂ ಉತ್ಪಾದನೆ ಸುಮಾರು 0.3ರಿಂದ 0.4 ಪರ್ಸೆಂಟ್ ಇಳಿಯುತ್ತದೆ. ಕೋಶ 60 ಡಿಗ್ರಿಗೆ ಕಾದರೆ ಹತ್ತು ಪರ್ಸೆಂಟಿಗೂ ಜಾಸ್ತಿ ಹೋಯಿತು. ತಣ್ಣನೆ ಗಾಳಿ ಬೀಸುವ, ಮೋಡವಿಲ್ಲದ ದಿನವೇ ಅದಕ್ಕೆ ಹಬ್ಬ.

ಇವೆಲ್ಲ ಹಾಕಿಸುವ ಮೊದಲಿನ ಅನುಮಾನಗಳು. ಹಾಕಿಸಿದ ಮೇಲೆ ಪೆಟ್ಟು ಬೀಳುವುದು ಬೇರೆ ಕಡೆ. ಮಟಮಟ ಮಧ್ಯಾಹ್ನ, ತಾರಸಿ ತುಂಬ ಬಿಸಿಲು. ಇದ್ದಕ್ಕಿದ್ದಂತೆ ಬೀದಿಗೆಲ್ಲ ಕರೆಂಟ್ ಹೋಯಿತು. ಸೋಲಾರ್ ಇರುವ ಮನೆಯ ಫ್ಯಾನೂ ನಿಂತಿತು. ಮನೆಯವರು ಒಮ್ಮೆ ಫ್ಯಾನ್ ನೋಡುತ್ತಾರೆ, ಒಮ್ಮೆ ಕಿಟಕಿಯಾಚೆಯ ಬಿಸಿಲು ನೋಡುತ್ತಾರೆ. ‘ಮೋಸ ಹೋದೆವಾ?’

ಇಲ್ಲ. ಬ್ಯಾಟರಿ ಇಲ್ಲದೆ ಲೈನಿಗೆ ಜೋಡಿಸಿದ ಸೋಲಾರ್ ಸಾಮಾನ್ಯವಾಗಿ ಇರುವುದೇ ಹೀಗೆ. ಅದರ ಇನ್ವರ್ಟರ್ ಲೈನಿನ ವೋಲ್ಟೇಜನ್ನು ಸದಾ ಗಮನಿಸುತ್ತಿರುತ್ತದೆ. ಲೈನ್ ಸತ್ತರೆ ತಾನೂ ಕ್ಷಣದಲ್ಲಿ ನಿಲ್ಲುತ್ತದೆ. ನಿಲ್ಲದಿದ್ದರೆ ತಾರಸಿಯ ಕರೆಂಟ್ ಹೊರಗಿನ ತಂತಿಗೆ ಹರಿದು, ಲೈನ್ ಬಂದ್ ಆಗಿದೆ ಎಂದು ಕಂಬ ಹತ್ತಿದ ಲೈನ್‌ಮನ್‌ಗೆ ಹೊಡೆಯಬಹುದು. ಲೈನಿನ ಕರೆಂಟ್ ಹೋದಾಗಲೂ ಫ್ಯಾನ್ ತಿರುಗಬೇಕೆಂದರೆ ಬ್ಯಾಟರಿಯ ಜೊತೆಗೆ, ಮನೆಯನ್ನು ಲೈನಿನಿಂದ ಬೇರ್ಪಡಿಸುವ ಇನ್ವರ್ಟರ್ ಬೇಕು. ಇದನ್ನು ಮೊದಲೇ ಹೇಳದವರ ಮೇಲೆ ನನಗೆ ಸಿಟ್ಟಿದೆ. ಒಂದು ಮನೆಯ ಖುಷಿ ಹರಡಿದ ಹಾಗೇ ಒಂದು ಮನೆಯ ಬೇಸರವೂ ಬೀದಿಯಿಡೀ ಹರಡುತ್ತದೆ.

ಹೇಳುವವರು ಯಾರು ಅನ್ನುವುದಕ್ಕೂ ಬೆಲೆಯಿದೆ. ಅಮೆರಿಕದ ಕನೆಕ್ಟಿಕಟ್‌ನ 58 ಊರುಗಳಲ್ಲಿ ಸ್ಥಳೀಯ ಸ್ವಯಂಸೇವಕರು ಸೋಲಾರ್ ಪ್ರಚಾರ ಮಾಡಿದರು. ತಮ್ಮ ಮನೆಗೂ ಹಾಕಿಸಿಕೊಂಡವರು, ಬರೀ ಮಾತಾಡಿದವರಿಗಿಂತ 62.8 ಪರ್ಸೆಂಟ್ ಹೆಚ್ಚು ಜನರನ್ನು ಒಪ್ಪಿಸಿದ್ದರು. 2018ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಅಧ್ಯಯನ ಇದು.

ಅದೇ ಕನೆಕ್ಟಿಕಟ್‌ನ ಇನ್ನೊಂದು ಅಧ್ಯಯನದ ಪ್ರಕಾರ, ಅಕ್ಕಪಕ್ಕದವರನ್ನು ಹೆಚ್ಚು ಸೆಳೆಯುವುದು ರಸ್ತೆಗೆ ಕಾಣುವ ಪ್ಯಾನಲ್‌ಗಳು. ತಮಾಷೆಯೆಂದರೆ, ಪ್ಯಾನಲ್ ಯಾವ ಕಡೆ ಮುಖ ಮಾಡಬೇಕು ಅನ್ನುವುದನ್ನು ತೀರ್ಮಾನಿಸುವುದು ರಸ್ತೆಯಲ್ಲ, ಸೂರ್ಯ. ಭೂಮಧ್ಯರೇಖೆಯ ಉತ್ತರಕ್ಕಿರುವ ನಾಡುಗಳಲ್ಲಿ ಅದು ದಕ್ಷಿಣಕ್ಕೆ ತಿರುಗಿದ್ದರೆ ಒಳ್ಳೆಯದು. ಹಾಗಾಗಿ ಇಳಿಜಾರು ಛಾವಣಿಯ ಮನೆಗಳಿರುವ, ಪೂರ್ವದಿಂದ ಪಶ್ಚಿಮಕ್ಕೆ ಸಾಗುವ ಬೀದಿಯಲ್ಲಿ ಒಂದು ಸಾಲಿನವರ ಪ್ಯಾನಲ್ ಓಡಾಡುವವರಿಗೆಲ್ಲ ಕಾಣುತ್ತದೆ. ಎದುರು ಸಾಲಿನವರದ್ದು ಕಾಣುವುದು ಅವರ ಹಿತ್ತಲಿಗೆ ಮಾತ್ರ.