ಎಷ್ಟು ಆಳಕ್ಕೆ ಹೂಳಬೇಕು ನೀರಿನ ಪೈಪು?

ಚಿಕ್ಕಮಗಳೂರಿನ ಜನವರಿ ಬೆಳಗಿನಲ್ಲಿ ನಲ್ಲಿ ನೀರು ಮುಟ್ಟಿದರೆ ಬೆರಳು ಸೆಟೆದುಕೊಳ್ಳುತ್ತದೆ. ಹಂಡೆ ಕಾಯುವವರೆಗೆ ಯಾರೂ ಬಚ್ಚಲ ಕಡೆ ತಲೆ ಹಾಕುವುದಿಲ್ಲ. ನಮ್ಮ ಚಳಿಯ ಕಷ್ಟ ಅಷ್ಟಕ್ಕೇ ಮುಗಿಯಿತು. ನೀರು ಗಟ್ಟಿಯಾಗಿ ಪೈಪನ್ನು ಸೀಳೀತು ಎಂಬ ಭಯ ಹಿರೇಕೊಳಲೆ ಕೆರೆ ಮತ್ತು ಯಗಚಿಯ ನೀರು ಕುಡಿಯುವ ಊರಿಗೆ ಇಲ್ಲ. 2021ರ ಫೆಬ್ರುವರಿಯಲ್ಲಿ ಟೆಕ್ಸಾಸ್‌ನ ಆಸ್ಟಿನ್‌ನಿಂದ ಅಕ್ಕನ ಮಗಳು ಫೋನ್ ಮಾಡಿ, ‘ಹಿತ್ತಲಿನ ಹಿಮವನ್ನು ಬಕೆಟ್ಟಿಗೆ ತುಂಬಿ, ಕರಗಿಸಿ ಶೌಚಾಲಯಕ್ಕೆ ಸುರಿಯುತ್ತಿದ್ದೇವೆ’ ಎಂದಾಗ ನನಗೆ ನಂಬಲಾಗಲಿಲ್ಲ.

ನೀರು ಹೆಪ್ಪುಗಟ್ಟಿದಾಗ ಅದರ ಗಾತ್ರ ಸುಮಾರು ಶೇ 9ರಷ್ಟು ಹಿಗ್ಗುತ್ತದೆ. ಆದರೆ ಪೈಪು ಒಡೆಯುವುದು ಎಷ್ಟೋ ಸಲ ಗಡ್ಡೆ ಕಟ್ಟಿದ ಜಾಗದಲ್ಲಲ್ಲ. ಬೆಳೆಯುತ್ತಿರುವ ಗಡ್ಡೆ ತನ್ನ ಮುಂದಿನ ನೀರನ್ನು ಮುಚ್ಚಿದ ನಲ್ಲಿಯತ್ತ ದಬ್ಬುತ್ತದೆ. ಆ ನೀರಿಗೆ ಹೋಗಲು ದಾರಿಯಿಲ್ಲ. ಒತ್ತಡ ಏರಿ ನಡುವೆ ಎಲ್ಲೋ ಸೀಳು ಬಿಡುತ್ತದೆ. ಕೊರೆಯುವ ರಾತ್ರಿಗಳಲ್ಲಿ ನಲ್ಲಿಯನ್ನು ತೊಟ್ಟಿಕ್ಕಲು ಬಿಡಿ ಎಂದು ಅಲ್ಲಿ ಹೇಳುವುದು ಇದಕ್ಕೇ. ನಮ್ಮಲ್ಲಿ ನಲ್ಲಿ ತೊಟ್ಟಿಕ್ಕಿದರೆ ಲಕ್ಷ್ಮಿ ಸೋರಿ ಹೋಗುತ್ತಾಳೆಂದು ಅಜ್ಜಿ ಗದರುತ್ತಿದ್ದಳು.

ಪೈಪನ್ನು ಆಳಕ್ಕೆ ಹೂಳುವ ಬುದ್ಧಿ ಚಳಿದೇಶಗಳಿಗೆ ಬಂದದ್ದು ಪೆಟ್ಟು ತಿಂದೇ. 1895ರ ಚಳಿಗೆ ಲಂಡನ್ನಿನ ರಸ್ತೆಯಡಿಯ ಪೈಪುಗಳೇ ಹೆಪ್ಪುಗಟ್ಟಿ, ಜನ ಬೀದಿ ನಲ್ಲಿಗಳ ಮುಂದೆ ಪಾತ್ರೆ ಹಿಡಿದು ಸಾಲುಗಟ್ಟಿದ್ದರು. ಇಂದು ಬ್ರಿಟನ್ನಿನಲ್ಲಿ ಮನೆಗೆ ಬರುವ ಪೈಪು ಕನಿಷ್ಠ 750 ಮಿ.ಮೀ. ಆಳದಲ್ಲಿರಬೇಕು. ಕೆನಡಾದ ವಿನಿಪೆಗ್‌ಗೆ ಆ ಆಳ ಯಾತಕ್ಕೂ ಸಾಲದು. 2014ರಲ್ಲಿ ಅಲ್ಲಿ ಚಳಿ ನೆಲದೊಳಗೆ ಎರಡು ಮೀಟರಿಗಿಂತ ಕೆಳಗಿಳಿದು ಸಾವಿರಾರು ಮನೆಗಳ ಪೈಪು ಕಟ್ಟಿಕೊಂಡಿತು. ಆಳವಾಗಿ ಹೂಳಿದರೂ ಮುಗಿಯುವುದಿಲ್ಲ. ಒಳಗಿನ ನೀರು ತಣ್ಣಗಾದಂತೆ ಹಳೆಯ ಎರಕದ ಕಬ್ಬಿಣ ಕುಗ್ಗಿ, ಬಳೆ ಮುರಿದಂತೆ ಸುತ್ತಲೂ ಸೀಳುತ್ತದೆ.

ಚಳಿ ಇಳಿದ ದಿನ ಇನ್ನೂ ಕೆಟ್ಟದ್ದು. ಗಡ್ಡೆ ಇರುವವರೆಗೆ ಅದೇ ಬಿರುಕಿಗೆ ಬಿರಡೆ. ಕರಗಿದೊಡನೆ ಎಲ್ಲವೂ ಒಟ್ಟಿಗೆ ಸೋರುತ್ತದೆ. 2018ರ ಮಾರ್ಚ್‌ನಲ್ಲಿ ಹಿಮ ಕರಗುತ್ತಿದ್ದಂತೆ ಇಂಗ್ಲೆಂಡ್ ಮತ್ತು ವೇಲ್ಸ್‌ನ 2 ಲಕ್ಷ ಗ್ರಾಹಕರಿಗೆ ನಾಲ್ಕು ಗಂಟೆಗೂ ಹೆಚ್ಚು ಕಾಲ ನೀರಿರಲಿಲ್ಲ.

ಟೆಕ್ಸಾಸ್‌ನಲ್ಲಿ ಇದರ ಜೊತೆಗೆ ಕರೆಂಟೂ ಕೈಕೊಟ್ಟಿತು. ಸೆಕೆಯ ಸೀಮೆಯಾದ್ದರಿಂದ ಅಲ್ಲಿ ಪೈಪುಗಳೂ ಮೀಟರ್‌ಗಳೂ ಹೆಚ್ಚು ಆಳದಲ್ಲಿಲ್ಲ. ಮನೆಗಳಲ್ಲಿ ಪೈಪು ಒಡೆದು ನೀರು ಹರಿದುಹೋಗುತ್ತಿದ್ದಾಗಲೇ ಆಸ್ಟಿನ್‌ನ ಅತಿ ದೊಡ್ಡ ಶುದ್ಧೀಕರಣ ಘಟಕವಾದ ಉಲ್‌ರಿಚ್‌ಗೆ ವಿದ್ಯುತ್ ನಿಂತಿತು. ಒತ್ತಡ ಕುಸಿದ ಪೈಪಿನೊಳಗೆ ಹೊರಗಿನ ಕೊಳಕು ನೀರು ನುಸುಳಬಹುದು. ಹಾಗಾಗಿ ಫೆಬ್ರುವರಿ 17ರಂದು ಇಡೀ ನಗರಕ್ಕೆ ‘ಕುದಿಸಿ ಕುಡಿಯಿರಿ’ ಎಂಬ ಆದೇಶ ಹೊರಟಿತು. ಕುದಿಸುವುದಕ್ಕೆ ಎಷ್ಟೋ ಮನೆಗಳಲ್ಲಿ ಕರೆಂಟೇ ಇರಲಿಲ್ಲ. ರಾಜ್ಯದಾದ್ಯಂತ 1.4 ಕೋಟಿಗೂ ಹೆಚ್ಚು ಜನ ನೀರಿಗೆ ಪರದಾಡಿದರು. ಅದೇ ವರ್ಷ ಅಲ್ಲಿನ ಶಾಸನಸಭೆ, ವಿದ್ಯುತ್ ಒಂದು ದಿನಕ್ಕಿಂತ ಹೆಚ್ಚು ಹೋದರೂ ನೀರು ಪೂರೈಸುವ ಯೋಜನೆಯನ್ನು ನೀರು ಸರಬರಾಜು ಸಂಸ್ಥೆಗಳು ಸಲ್ಲಿಸಬೇಕೆಂದು ಕಾನೂನು ಮಾಡಿತು.

ಆದ್ದರಿಂದ ಆ ಸಂಸ್ಥೆಗಳ ಚಳಿಗಾಲದ ಸಿದ್ಧತೆ ಈಗ ಬಿಸಿಲಿರುವಾಗಲೇ ಶುರು. ಜನರೇಟರ್‌ಗೆ ಡೀಸೆಲ್ ತುಂಬಿ ಓಡಿಸಿ ನೋಡುವುದು, ಸೇತುವೆಗೆ ತೂಗುಬಿದ್ದ ಪೈಪಿಗೆ ಹೊದಿಕೆ ಸುತ್ತುವುದು, ರಾಸಾಯನಿಕ ಹಾಯುವ ಸಣ್ಣ ಕೊಳವೆಗಳಿಗೆ ಹೀಟರ್ ಕಟ್ಟುವುದು, ಚಳಿ ಬರುವ ಮುನ್ನಾ ದಿನ ಟ್ಯಾಂಕುಗಳನ್ನು ತುಂಬಿಸಿಡುವುದು, ಸೋರಿಕೆ ಮುಚ್ಚುವ ಕ್ಲಾಂಪುಗಳನ್ನು ರಾಶಿ ಹಾಕುವುದು. ನನ್ನ ಮಟ್ಟಿಗೆ ಇವುಗಳಲ್ಲಿ ಡೀಸೆಲ್ಲೇ ಮೊದಲು.

ನಮ್ಮ ದೇಶದಲ್ಲಿ ಈ ಪಾಡು ಬೇಕಾದರೆ ಲೇಹ್‌ಗೆ ಹೋಗಬೇಕು. ಚಿಕ್ಕಮಗಳೂರಿನಲ್ಲಿ ಪೈಪಿನ ಆಳವನ್ನು ನಿರ್ಧರಿಸುವುದು ಚಳಿಯಲ್ಲ, ಮೇಲೆ ಓಡುವ ಲಾರಿಯ ಭಾರ. ಅದನ್ನು ಒಡೆಯುವುದು ಮಂಜುಗಡ್ಡೆಯಲ್ಲ, ರಸ್ತೆ ಅಗೆಯುವ ಜೆಸಿಬಿ.

ಕಳೆದ ಬಾರಿ ಊರಿಗೆ ಬಂದ ಅಕ್ಕನ ಮಗಳು ಚಪ್ಪಲಿ ಬಿಡುವ ಮೊದಲೇ ಕೇಳಿದಳು: ‘ಮಾವ, ಮನೆಗೆ ನೀರು ಬರುವ ಮೇನ್ ವಾಲ್ವ್ ಎಲ್ಲಿದೆ?’ ತುಳಸಿಕಟ್ಟೆಯ ಪಕ್ಕ ಎಂದೆ. ಅರ್ಧ ಗಂಟೆ ಮಣ್ಣು ಕೆದಕಿದೆವು. ಕೊನೆಗೆ ನೀರಗಂಟಿಯನ್ನೇ ಕರೆಸಬೇಕಾಯಿತು. ಅದು ಗೇಟಿನ ಆಚೆ, ಹೊಸ ಕಾಂಕ್ರೀಟಿನ ಅಡಿಯಲ್ಲಿತ್ತು.