ಯಂತ್ರ ತೆಗೆದ ಡಿಎನ್‌ಎ ತಳಿ ಆಯ್ಕೆಗೆ ಸಾಕೇ?

ಪ್ರಶ್ನೆ: ಸಾವಿರಾರು ಸಸಿಗಳ ಎಲೆಗಳಿಂದ ಡಿಎನ್‌ಎ ಬೇರ್ಪಡಿಸುವ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಿದರೆ, ಮಾರ್ಕರ್ (ಬೇಕಾದ ಗುಣವನ್ನು ಸೂಚಿಸುವ ಡಿಎನ್‌ಎ ಗುರುತು) ವಿಶ್ಲೇಷಣೆಗೆ ತಕ್ಕಷ್ಟು ಶುದ್ಧ ಡಿಎನ್‌ಎ ಸಿಗುತ್ತದೆಯೇ?

ಉತ್ತರ: ಖಂಡಿತ ಸಿಗುತ್ತದೆ. ಎಸ್‌ಎನ್‌ಪಿ (ಡಿಎನ್‌ಎಯ ಒಂದೇ ಅಕ್ಷರದ ವ್ಯತ್ಯಾಸ) ಮಾರ್ಕರ್‌ಗಳನ್ನು ಗುರುತಿಸುವ ಪಿಸಿಆರ್, ಅಂದರೆ ಡಿಎನ್‌ಎಯ ಚಿಕ್ಕ ಭಾಗವನ್ನು ಹಲವು ಪಟ್ಟು ನಕಲು ಮಾಡುವ ಪರೀಕ್ಷೆಗೆ ಕೆಲವೇ ನ್ಯಾನೋಗ್ರಾಂ ಡಿಎನ್‌ಎ ಸಾಕು. ಅದು ಅಲ್ಲಲ್ಲಿ ತುಂಡಾಗಿದ್ದರೂ ಮಾರ್ಕರ್ ಇರುವ ಚಿಕ್ಕ ಭಾಗ ಉಳಿದಿದ್ದರೆ ಫಲಿತಾಂಶ ಬರುತ್ತದೆ. ಜೀನೋಮನ್ನು ಉದ್ದುದ್ದ ತುಣುಕುಗಳಲ್ಲಿ ಓದಬೇಕಾದವರಿಗೆ ಮಾತ್ರ ಈ ಮಾತು ಅನ್ವಯಿಸುವುದಿಲ್ಲ.

ಸಸ್ಯಗಳಲ್ಲಿ ನಿಜವಾದ ತೊಡಕೆಂದರೆ ಡಿಎನ್‌ಎ ಜೊತೆಯಲ್ಲೇ ಬರುವ ಪಾಲಿಸ್ಯಾಕರೈಡ್ (ಸಕ್ಕರೆ ಅಣುಗಳ ಉದ್ದ ಸರಪಳಿ) ಮತ್ತು ಪಾಲಿಫಿನಾಲ್ ಎಂಬ ಸಸ್ಯ ರಾಸಾಯನಿಕಗಳು, ಏಕೆಂದರೆ ಇವು ಪಿಸಿಆರ್ ಕಿಣ್ವವನ್ನೇ ತಡೆಯುತ್ತವೆ. 1980ರ ದಶಕದಿಂದ ಬಳಕೆಯಲ್ಲಿರುವ, ಸಿಟಿಎಬಿ ಎಂಬ ಮಾರ್ಜಕ ಬಳಸುವ ವಿಧಾನ ಇವನ್ನು ಚೆನ್ನಾಗಿ ನಿವಾರಿಸುತ್ತದೆಯಾದರೂ, ಅದರಲ್ಲಿ ಕ್ಲೋರೋಫಾರ್ಮ್ ಬೆರೆಸಿ, ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ, ಮೇಲಿನ ಪದರವನ್ನಷ್ಟೇ ಜೋಪಾನವಾಗಿ ಹೀರಿಕೊಳ್ಳಬೇಕು. ಯಂತ್ರಕ್ಕೆ ಇದು ಸುಲಭವಲ್ಲ. ಆದ್ದರಿಂದಲೇ ಸ್ವಯಂಚಾಲಿತ ವ್ಯವಸ್ಥೆಗಳಲ್ಲಿ ಹೆಚ್ಚಾಗಿ ಸಿಲಿಕಾ ಲೇಪಿತ ಕಾಂತೀಯ ಕಣಗಳನ್ನು ಬಳಸುತ್ತಾರೆ. ಗ್ವಾನಿಡಿನ್ ಲವಣದ ಗಾಢ ದ್ರಾವಣದಲ್ಲಿ ಡಿಎನ್‌ಎ ಈ ಕಣಗಳಿಗೆ ಅಂಟಿಕೊಳ್ಳುತ್ತದೆ, ಅಯಸ್ಕಾಂತವು ಕಣಗಳನ್ನು ಹಿಡಿದಿಟ್ಟಿರುವಾಗ ಎಥನಾಲ್ ಮಿಶ್ರಣದಿಂದ ಕಲ್ಮಶ ತೊಳೆದುಹೋಗುತ್ತದೆ, ಕೊನೆಗೆ ಲವಣ ಕಡಿಮೆಯಿರುವ ಬಫರ್ ದ್ರಾವಣ ಡಿಎನ್‌ಎಯನ್ನು ಬಿಡಿಸುತ್ತದೆ. ಎಥನಾಲ್ ಉಳಿದರೆ ಪಿಸಿಆರ್ ಕೆಡುತ್ತದೆ. ಕಣಗಳು ಅತಿಯಾಗಿ ಒಣಗಿದರೆ ಡಿಎನ್‌ಎ ಸರಿಯಾಗಿ ಬಿಡುವುದಿಲ್ಲ.

ಆದರೆ ಡಿಎನ್‌ಎ ಇಳುವರಿ ಕೆಡುವುದು ಬಹುಮಟ್ಟಿಗೆ ಯಂತ್ರಕ್ಕಿಂತ ಮೊದಲೇ, ಎಲೆ ಅರೆಯುವ ಹಂತದಲ್ಲಿ. ಎಳೆಯ ಎಲೆಯನ್ನು ಚೆನ್ನಾಗಿ ಒಣಗಿಸಿ, ಉಕ್ಕಿನ ಗುಂಡುಗಳೊಂದಿಗೆ ಕುಲುಕಿ ನುಣ್ಣಗೆ ಪುಡಿ ಮಾಡಬೇಕು. ಹೆಚ್ಚು ಎಲೆ ಹಾಕಿದರೆ ಹೆಚ್ಚು ಡಿಎನ್‌ಎ ಎಂಬ ಆಸೆ ಬೇಡ: ದ್ರಾವಣ ಲೋಳೆಯಾಗಿ ಕಣಗಳು ಅದರಲ್ಲೇ ಸಿಕ್ಕಿಕೊಳ್ಳುತ್ತವೆ. ಮುಚ್ಚಳ ತೆಗೆಯುವ ಮುನ್ನ, ಗುಳಿಗೊಂದರಂತೆ ಮಾದರಿಗಳಿರುವ ಪ್ಲೇಟನ್ನು ಸ್ವಲ್ಪ ಹೊತ್ತು ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸದಿದ್ದರೆ ಪುಡಿ ಪಕ್ಕದ ಗುಳಿಗೆ ಹಾರಿ, ಶುದ್ಧ ತಳಿಯ ಗಿಡವೂ ಮಿಶ್ರತಳಿಯಂತೆ ಕಾಣಬಹುದು.

ಇದಕ್ಕಿಂತಲೂ ನನಗೆ ಭಯ ಹುಟ್ಟಿಸುವುದು ತಿರುಗುಮುರುಗಾದ ಪ್ಲೇಟ್. 96 ಗುಳಿಗಳ ಪ್ಲೇಟನ್ನು ಉಲ್ಟಾ ದಿಕ್ಕಿನಲ್ಲಿಟ್ಟರೆ ಒಂದು ಮೂಲೆಯ ಎ1 ಗುಳಿಯ ಮಾದರಿ ಎದುರು ಮೂಲೆಯ ಎಚ್12ರ ಹೆಸರಿಗೆ ಹೋಗುತ್ತದೆ, ಡಿಎನ್‌ಎ ಎಷ್ಟೇ ಶುದ್ಧವಾಗಿದ್ದರೂ ಆಯ್ಕೆಯಾಗುವುದು ತಪ್ಪು ಗಿಡ. ಪ್ರತಿ ಪ್ಲೇಟಿನಲ್ಲೂ ಒಂದು ಖಾಲಿ ಗುಳಿಯನ್ನೂ ಎರಡು ಪೋಷಕ ತಳಿಗಳ ಮಾದರಿಗಳನ್ನೂ ಗೊತ್ತಾದ ಜಾಗಗಳಲ್ಲಿ ಇಟ್ಟರೆ, ಫಲಿತಾಂಶ ನೋಡಿದ ತಕ್ಷಣ ಅದಲುಬದಲು ಬಯಲಾಗುತ್ತದೆ.

ಹಂಗಾಮಿಗೆ ನಾಲ್ಕಾರು ಪ್ಲೇಟುಗಳಷ್ಟೇ ಇರುವವರಿಗೆ ರೋಬೋಟ್ ಅನಗತ್ಯ. ಬಹುನಾಳ ಪಿಪೆಟ್ ಸಾಕು. ಅದಕ್ಕಿಂತ ಹೆಚ್ಚಿದ್ದರೆ, ಯಂತ್ರ ಕೊಳ್ಳುವ ಮುನ್ನ ನಿಮ್ಮದೇ ಬೆಳೆಯ ಒಂದೇ ಗುಂಪಿನ ಎಲೆಗಳನ್ನು ಕೈಯಿಂದಲೂ ಯಂತ್ರದಿಂದಲೂ ಸಂಸ್ಕರಿಸಿ, ಶುದ್ಧತೆಯ ಅಂಕಿಗಳಿಗಿಂತ ಮುಖ್ಯವಾಗಿ ಮಾರ್ಕರ್ ಫಲಿತಾಂಶಗಳು ಹೊಂದುತ್ತವೆಯೇ ಎಂದು ತಾಳೆ ನೋಡಿ.